ಮೂರೂವರೆಯವರೆಗೆ

ಬೂಟಿನ ಕಾರ್ಖಾನೆ ಮುಚ್ಚುವ ಸುದ್ದಿ ವಾಣಿಜ್ಯ ಪುಟದ ಉಪಸಂಪಾದಕನ ಕೈಗೆ ಬಂದಾಗ ಮಧ್ಯಾಹ್ನ ಒಂದೂ ನಲವತ್ತು. ಕಂಪನಿಯವರು ಕಳಿಸಿದ ಪ್ರಕಟಣೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಎಂದಿನ ಸಾಲು: ಮೂರೂವರೆಯವರೆಗೆ ಪ್ರಕಟಿಸುವಂತಿಲ್ಲ. ಇದೇನೂ ಹೊಸದಲ್ಲ. ದೊಡ್ಡ ಸುದ್ದಿಗಳು ಹೀಗೆಯೇ ಒಂದೆರಡು ಗಂಟೆ ಮುಂಚೆ ಬರುತ್ತವೆ. ಬರೆದು, ತಿದ್ದಿ, ತಲೆಬರಹ ಕೊಟ್ಟು, ಹೊತ್ತಿಗೆ ಸರಿಯಾಗಿ ಬಿಡಬೇಕು. ಅಲ್ಲಿಯತನಕ ಬಾಯಿಗೆ ಬೀಗ. ಹನ್ನೆರಡು ವರ್ಷದಲ್ಲಿ ಅವನು ಹಾಗೆ ನುಂಗಿಕೊಂಡ ಸುದ್ದಿಗಳಿಗೆ ಲೆಕ್ಕವಿಲ್ಲ. ಒಂದೂ ಗಂಟಲಲ್ಲಿ ಸಿಕ್ಕಿಕೊಂಡಿರಲಿಲ್ಲ.

ಇದು ಸಿಕ್ಕಿಕೊಂಡಿತು. ಆ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಅವನ ಅಣ್ಣ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದ. ಈಗ ಇವನ ಕಾಲಲ್ಲಿದ್ದ ಬೂಟೂ ಅಲ್ಲಿಯದೇ. ಹೊಲಿಗೆ ಒಂದು ಕಡೆ ಸೊಟ್ಟಗಾಯಿತೆಂದು ತೆಗೆದಿಟ್ಟ ಜೋಡಿಯನ್ನು ಅಣ್ಣ ಅರ್ಧ ಬೆಲೆಗೆ ಕೊಂಡು ತಂದುಕೊಟ್ಟಿದ್ದ. ಕಾಲೇಜಿನ ದಿನದಿಂದಲೂ ಇವನು ಬೇರೆ ಬೂಟು ಹಾಕಿದವನೇ ಅಲ್ಲ. ಪ್ರಕಟಣೆಯ ಕೊನೆಯಲ್ಲಿ ಇನ್ನೊಂದು ವಿಷಯವಿತ್ತು. ತಾವಾಗಿಯೇ ನಿವೃತ್ತಿಗೆ ಅರ್ಜಿ ಕೊಟ್ಟವರಿಗೆ ಎರಡು ವರ್ಷದ ಸಂಬಳ, ಉಳಿದ ಸುಮಾರು ಎಂಟುನೂರು ಮಂದಿಗೆ ಮೂರು ತಿಂಗಳದ್ದು. ಅರ್ಜಿ ಕೊಡಲು ಇಂದು ಮೂರು ಗಂಟೆಯೇ ಕೊನೆ. ಮೂರಕ್ಕೆ ಬಾಗಿಲು ಹಾಕಿಕೊಂಡು ಮೂರೂವರೆಗೆ ಊರಿಗೆಲ್ಲ ಹೇಳುವ ಏರ್ಪಾಡು. ಜಾಣರು!

ಎರಡೂ ಹತ್ತಕ್ಕೆ ಫೋನು ಬಂತು. ಊಟದ ಬಿಡುವಿನಲ್ಲಿ ಅಣ್ಣ ದಿನಾ ಮಾಡುತ್ತಿದ್ದ.

"ಏನಪ್ಪಾ ಲೋಕಪಂಡಿತ, ಇವತ್ತು ಲೋಕದ ಸಂತೆ ಹೇಗಿದೆ?"

ಇದಕ್ಕೆ ಇವನದು ಒಂದೇ ಉತ್ತರ: ಏರಿದ್ದು ಇಳಿಯುತ್ತೆ, ಇಳಿದದ್ದು ಏರುತ್ತೆ. ಎಣ್ಣೆಯ ಬೆಲೆ ಗಗನಕ್ಕೇರಲಿ, ಏಳು ಸಮುದ್ರದಾಚೆಯ ಬ್ಯಾಂಕು ಬಡ್ಡಿ ಇಳಿಸಲಿ, ಅದೇ ಮಾತು. ಇಬ್ಬರೂ ನಕ್ಕು ಫೋನಿಡುತ್ತಿದ್ದರು. ಇಂದು ಅಣ್ಣ ಉತ್ತರಕ್ಕೆ ಕಾಯಲಿಲ್ಲ.

"ತಮಾಷೆ ಇರ್ಲಿ. ಅರ್ಜಿ ತುಂಬಿ ಜೇಬಲ್ಲಿ ಇಟ್ಕೊಂಡಿದೀನಿ ಕಣೋ. ನಿಮ್ಮತ್ತಿಗೆ ಕೊಟ್ಬಿಡಿ ಅಂತ ಬೆಳಗ್ಗಿಂದ ಒಂದೇ ಸಮ ಹೇಳ್ತಿದಾಳೆ. ನನಗೇ ಮನಸ್ಸಿಲ್ಲ. ಮನೇಲಿ ಕೂತು ನೊಣ ಹೊಡೀಲಾ? ಹೊಸ ಆರ್ಡರ್ ಬರುತ್ತೆ ಅಂತ ಮೇಸ್ತ್ರಿ ಬೇರೆ ಹೇಳ್ತಿದಾನೆ. ನೀನು ದಿನಾ ಇದನ್ನೇ ಬರೀತೀಯಲ್ಲ, ಏನಾದ್ರೂ ಕಿವಿಗೆ ಬಿತ್ತಾ?"

ಎದುರಿನ ಮೇಜಿನಿಂದ ಮುಖ್ಯ ಉಪಸಂಪಾದಕರು ತಲೆಯೆತ್ತಿದರು. ಹೋದ ವರ್ಷ ಇಂಥದೇ ಒಂದು ಸುದ್ದಿಯನ್ನು ಭಾವಮೈದುನನಿಗೆ ಹೇಳಿದವನನ್ನು ಅವರು ಸಂಜೆಯೊಳಗೆ ಮನೆಗೆ ಕಳಿಸಿದ್ದರು. ಉಪಸಂಪಾದಕ ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಹಾಳು ನಾಲಿಗೆ ಅಭ್ಯಾಸಬಲದಿಂದ ಆಡಿಯೇ ಬಿಟ್ಟಿತು.

"ಏರಿದ್ದು ಇಳಿಯುತ್ತೆ, ಇಳಿದದ್ದು ಏರುತ್ತೆ ಅಣ್ಣಾ."

ಆ ಕಡೆ ಅಣ್ಣ ನಕ್ಕ. "ಇಳಿದದ್ದು ಏರುತ್ತೆ ಅಂತೀಯ. ಸರಿ ಬಿಡು, ನಿನ್ನ ಬಾಯಲ್ಲಿ ಬಂತಲ್ಲ, ಅಷ್ಟು ಸಾಕು. ಅರ್ಜಿ ಹರಿದು ಹಾಕ್ತೀನಿ."

"ಹಾಗಲ್ಲ ಅಣ್ಣಾ, ಅತ್ತಿಗೆ..."

"ಅವಳದು ಇದ್ದದ್ದೇ, ಹಗ್ಗ ಕಂಡ್ರೂ ಹಾವು ಅಂತಾಳೆ. ಗಂಟೆ ಹೊಡೀತು, ಇಡ್ತೀನಿ."

ಇನ್ನೂ ಮುಕ್ಕಾಲು ಗಂಟೆಯಿತ್ತು. ಕೆಲಸದ ಹೊತ್ತಲ್ಲಿ ಅಣ್ಣ ಫೋನು ಎತ್ತುವಂತಿರಲಿಲ್ಲ, ಆದರೆ ಮೇಸ್ತ್ರಿಯ ನಂಬರು ಇವನಲ್ಲಿತ್ತು, ಅಣ್ಣನನ್ನು ಕರೆಸಬಹುದಿತ್ತು. ಸುದ್ದಿಯನ್ನೇ ಹೇಳಬೇಕಿರಲಿಲ್ಲ. 'ಅತ್ತಿಗೆ ಮಾತು ಕೇಳು' ಎಂದಿದ್ದರೆ ಸಾಕಿತ್ತು. ಮೂರೇ ಪದ. ತಮ್ಮನೊಬ್ಬ ಅಣ್ಣನಿಗೆ ಅಷ್ಟು ಹೇಳಬಾರದೆಂದು ಯಾವ ನಿಯಮದಲ್ಲೂ ಇಲ್ಲ. ಅವನು ಎರಡು ಸಲ ಫೋನು ಎತ್ತಿಕೊಂಡ, ಎರಡು ಸಲ ಕೆಳಗಿಟ್ಟ. ತಾಮ್ರದ ಬೆಲೆಯ ಸುದ್ದಿಯಲ್ಲಿ ಒಂದು ಸೊನ್ನೆ ಹೆಚ್ಚಾಗಿತ್ತು, ತಿದ್ದಿದ. ಇದು ವೃತ್ತಿನಿಷ್ಠೆ ಎಂದು ತನಗೆ ತಾನೇ ಹೇಳಿಕೊಂಡ. ನಿಷ್ಠೆಯೂ ಅಲ್ಲ, ಮಣ್ಣೂ ಅಲ್ಲ, ಪುಕ್ಕಲು. ಅದು ಅವನಿಗೆ ಗೊತ್ತಾಗುವ ಹೊತ್ತಿಗೆ ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು.

ಮೂರೂವರೆಗೆ ಸರಿಯಾಗಿ ಪತ್ರಿಕೆಯ ಜಾಲತಾಣಕ್ಕೆ ಸುದ್ದಿ ಬಿಟ್ಟ. ಹತ್ತು ನಿಮಿಷದಲ್ಲಿ, ಇನ್ನೂ ತೆರೆದಿದ್ದ ವಿದೇಶದ ಪೇಟೆಯಲ್ಲಿ, ಕಂಪನಿಯ ಷೇರು ಶೇಕಡಾ ಎಂಟು ಮೇಲೆ ಹೋಯಿತು. ನಷ್ಟದ ಕಾರ್ಖಾನೆ ತೊಲಗಿತೆಂದು ಹೂಡಿಕೆದಾರರಿಗೆ ಖುಷಿಯಾಗಿತ್ತು.

"ತಲೆಬರಹಕ್ಕೆ ಷೇರು ಜಿಗಿದದ್ದನ್ನ ತಗೊಳ್ರೀ," ಎಂದರು ಮುಖ್ಯ ಉಪಸಂಪಾದಕರು. "ಮುಚ್ಚಿದ್ದು ಎರಡನೇ ಸಾಲಲ್ಲಿ ಬರ್ಲಿ."

ಹಾಗೆಯೇ ಬರೆದ. ಇಳಿದದ್ದು ಏರಿತ್ತು, ಅವನ ಮಾತು ಸುಳ್ಳಾಗಿರಲಿಲ್ಲ.

ಐದು ಗಂಟೆಗೆ ಮತ್ತೆ ಫೋನು. ಅಣ್ಣ ಮನೆಗೆ ಬಂದಿದ್ದನೆಂದು ಕಾಣುತ್ತದೆ, ಹಿಂದೆ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಬೈಯಲಿ ಎಂದು ಉಪಸಂಪಾದಕ ಮನಸ್ಸಿನಲ್ಲೇ ಬೇಡಿಕೊಂಡ. ಅಣ್ಣ ಬೈಯಲಿಲ್ಲ.

"ನಿಂಗೂ ಮೂರೂವರೆಗೇ ಗೊತ್ತಾಗಿದ್ದು, ಅಲ್ವೇನೋ?"

ಅವನು ಬೂಟಿನ ಸೊಟ್ಟ ಹೊಲಿಗೆಯನ್ನೇ ನೋಡುತ್ತ ಕೂತ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಹೊಲಿಗೆ.

"ಹೂಂ, ಅಣ್ಣಾ."

ಅಣ್ಣ ಫೋನಿಗೆ ಕೈ ಅಡ್ಡ ಹಿಡಿದನೇನೋ, ಆದರೂ ಪ್ರತಿಯೊಂದು ಮಾತೂ ಕೇಳಿಸಿತು. "ನೋಡಿದ್ಯಾ, ನಾನು ಆಗ್ಲೇ ಹೇಳ್ಲಿಲ್ವಾ? ಗೊತ್ತಿದ್ರೆ ನನ್ನ ತಮ್ಮ ನನಗೆ ಹೇಳದೆ ಇರ್ತಿದ್ನಾ?"

ಅತ್ತಿಗೆಯ ಪಾತ್ರೆಯ ಸದ್ದು ನಿಂತಿತು.