ಆಟದಲ್ಲಿಲ್ಲದ ಆಯುಧ

ಆಟದಲ್ಲಿ ಆ ಆಯುಧ ಇರಲಿಲ್ಲ.

ಮುರುಗೇಂದ್ರಪ್ಪ ಒಂದು ಗಂಟೆಯಿಂದ ವಲಿಸಾಬನ ಮನೆಯ ಕಂಪ್ಯೂಟರಿನ ಮುಂದೆ ಸ್ಟೂಲು ಹಾಕಿಸಿಕೊಂಡು ಕೂತಿದ್ದರು. ವಲಿಸಾಬನ ಮಗ ಶಹನವಾಜ್ ಒಂದೊಂದೇ ಗುಂಡಿ ಒತ್ತಿದಂತೆ ಪರದೆಯ ಮೇಲಿನ ಪಾಳೆಯಗಾರ ಕತ್ತಿ ಹಿಡಿದ, ಈಟಿ ಹಿಡಿದ; ಆಮೇಲೆ ಬಿಲ್ಲು, ಗದೆ, ಕವಣೆ. ಮುರುಗೇಂದ್ರಪ್ಪ ಬೆರಳು ಮಡಿಚಿ ಎಣಿಸಿದರು. ಐದಾದವು. ಆರನೆಯದು ಬರಲೇ ಇಲ್ಲ.

“ಮುಂದೆ?”

“ಅಷ್ಟೇ, ಸಾವ್ಕಾರ್ರೆ.”

“ಅಷ್ಟೇ ಅಂದ್ರೆ? ಇಲ್ಲಿ ನನ್ನ ಕಾಲ ಹತ್ರ ಬಿದ್ದೈತಲ್ಲ, ಇದೆಲ್ಲಿ?”

ಗೋಣಿಚೀಲದ ಮೇಲೆ ಬಿದ್ದಿದ್ದದ್ದು ಎರಡು ಕುಡುಗೋಲಿನಂಥ ಅಲಗು. ಎರಡಕ್ಕೂ ಮರದ ಹಿಡಿ, ನಡುವೆ ಮೊಳದುದ್ದದ ಸರಪಳಿ. ಲಾರಿಯ ಕಮಾನು ಪಟ್ಟಿ ಕಡಿದು, ಕಾಸಿ, ಬಡಿದು ಮಾಡಿದ್ದು. ಹದಿನೈದು ದಿನದ ಹಿಂದೆ ಶೇಂಗಾ ಸುಲಿಯುವ ಯಂತ್ರದ ಶಾಫ್ಟು ಒಯ್ಯಲು ಬಂದಾಗ, ವಲಿಸಾಬನ ವೆಲ್ಡಿಂಗ್ ಶಾಪಿನ ಮೂಲೆಯಲ್ಲಿ ಇದು ಮುರುಗೇಂದ್ರಪ್ಪನವರ ಕಣ್ಣಿಗೆ ಬಿದ್ದಿತ್ತು. ಅವತ್ತು ವಲಿಸಾಬನ ಮುಂಗೈಗೆ ಬ್ಯಾಂಡೇಜು ಬೇರೆ. ಈ ಕಬ್ಬಿಣ ಏನೆಂದು ಕೇಳಿದರೆ, ತನ್ನ ಮಗ ಹೈದರಾಬಾದಿನ ಕಂಪನಿಯೊಂದರ ಕಂಪ್ಯೂಟರ್ ಆಟಕ್ಕೆ ಚಿತ್ರ ಬರೆದುಕೊಟ್ಟ ಆಯುಧ ಇದು ಅಂದಿದ್ದ. ಸಿ.ಡಿ. ಬಂದ ಮೇಲೆ ತೋರಿಸುತ್ತೇವೆ ಅಂದಿದ್ದ ಮಗ. “ಆಟದ್ದೇ ಅಂತ ತೋರಿಸಿದ್ರೆ ಸರಿ. ಇಲ್ಲಾಂದ್ರೆ ಜಾಗ ಖಾಲಿ ಮಾಡ್ರಿ” ಎಂದು ಹೇಳಿ ಹೋಗಿದ್ದರು ಮುರುಗೇಂದ್ರಪ್ಪ. ಚಳ್ಳಕೆರೆಯ ಪಾವಗಡ ರಸ್ತೆಯ ಆ ಜಾಗ ಅವರದು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದವನು ವಲಿಸಾಬ. ಅಂಥದೇ ಕಬ್ಬಿಣ ತಮ್ಮ ಅಳಿಯ ಸಂಗಮೇಶನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಸಿಕ್ಕಿದ್ದರೆ ಏನನ್ನುತ್ತಿದ್ದೆ ಎಂದು ಮುರುಗೇಂದ್ರಪ್ಪ ತಮ್ಮನ್ನು ಕೇಳಿಕೊಂಡಿರಲಿಲ್ಲ.

ಶಹನವಾಜ್ ಒಂದು ಕಾಗದ ಮುಂದೆ ಹಿಡಿದ. “ಕಂಪನಿಯೋರ ಮೇಲ್ ಇದು. ಆಟ ಮುಗಿಯೋಕೆ ಮುಂಚೆ ಆರನೇ ಆಯುಧ ತೆಗೆದೀವಿ ಅಂತ ಬರೆದವ್ರೆ.”

ಮುರುಗೇಂದ್ರಪ್ಪ ಕನ್ನಡಕ ಏರಿಸಿ ನೋಡಿದರು. ಇಂಗ್ಲಿಷಿನ ನಾಲ್ಕು ಸಾಲು, ಸೀಲಿಲ್ಲ, ಸಹಿಯಿಲ್ಲ.

“ಇದನ್ನ ಎಲ್ಲಿ ತೆಗೆಸಿದಿ?”

“ಇಲ್ಲೇ, ನಮ್ಮ ಪ್ರಿಂಟರಿನಾಗೆ.”

“ಹಂಗಾರೆ ನೀನೇ ಬರಕೊಂಡಿರಬಹುದು.” ಕಾಗದ ವಾಪಸ್ಸು ಕೊಟ್ಟರು. “ಮೊಳಕಾಲ್ಮೂರಿನ ಮಗ್ಗದೋರಿಗೆ ಸೀರೆ ಅಂಚಿನ ನಮೂನೆ ಬರಕೊಟ್ಟು ಚೆನ್ನಾಗೇ ಇದ್ದೆಯಲ್ಲಪ್ಪ. ಇದೆಲ್ಲಾ ಯಾಕೆ ಬೇಕಿತ್ತು? ಹೋಗ್ಲಿ, ಆಟಕ್ಕಾದ್ರೆ ಚಿತ್ರ ಸಾಕಲ್ಲ. ಕಬ್ಬಿಣದಾಗೆ ಯಾಕೆ ಬಡಿದ್ರಿ?”

ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿದ್ದ ವಲಿಸಾಬ ಒಳಗೆ ಬಂದ. “ಅದು ನನ್ನ ಚಟ, ಸಾವ್ಕಾರ್ರೆ. ನಿಮ್ಮ ಶೇಂಗಾ ಮಿಷಿನ್ನಿನ ಜರಡಿ ಜ್ಞಾಪಕ ಐತಾ? ನೀವು ನಕ್ಷೆ ತಂದುಕೊಟ್ರಿ. ನಾನು ಒಂದು ಸ್ಯಾಂಪಲ್ ಮಾಡಿ, ನಿಮ್ಮ ಮುಂದೇನೇ ಕಾಳು ಹಾಕಿ ನೋಡ್ದೆ. ತೂತು ದೊಡ್ಡದಾಗಿತ್ತು.”

“ಆಗಿತ್ತು,” ಅಂದರು ಮುರುಗೇಂದ್ರಪ್ಪ, ಒಪ್ಪಲು ಮನಸ್ಸಿಲ್ಲದೆ.

“ಇವನು ಇದನ್ನ ಬರೆದು, ಅಬ್ಬಾ ಹೆಂಗೈತೆ ಅಂತ ಕೇಳ್ದ. ಕೈಯಾಗೆ ಹಿಡೀದೆ ಹೆಂಗೆ ಹೇಳ್ಲಿ? ಮಾಡ್ದೆ, ಹಿತ್ತಿಲಿನಾಗೆ ನಿಂತು ಬೀಸ್ದೆ. ಒಂದು ಅಲಗು ಮುಂದಕ್ಕೆ ಹೋಯ್ತು, ಸರಪಳಿ ಸುತ್ತಿ ತಿರುಗಿ ಬಂದು ನನ್ನ ಮುಂಗೈನೇ ಸೀಳ್ತು. ಏಳು ಹೊಲಿಗೆ. ಇವನವ್ವ ದಿಲ್ಶಾದ್ ಹದಿನೈದು ದಿನದಿಂದ ಮಾತು ಬಿಟ್ಟವ್ಳೆ.”

“ಅವತ್ತೇ ಇದನ್ಯಾಕೆ ಹೇಳ್ಲಿಲ್ಲ?”

“ಹೆಂಗಾಯ್ತು ಅಂತ ನೀವು ಕೇಳ್ಲಿಲ್ಲ. ಕೈ ನೋಡಿದ್ರಿ, ಮುಖ ನೋಡಿದ್ರಿ, ಎದ್ದು ಹೋದ್ರಿ.”



“ಆಮೇಲೆ ಕಂಪನಿಯೋರಿಗೆ ಅಬ್ಬಾನೇ ಬರೆಸಿದ್ರು,” ಅಂದ ಶಹನವಾಜ್. ಅವನ ದನಿಯಲ್ಲಿ ಅಪ್ಪನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. “ಬ್ಯಾಡ ಅಂದೆ. ಇಡೀ ಆಟದಾಗೆ ನಂದು ಅಂತ ಇದ್ದಿದ್ದು ಅದೊಂದೇ. ಕೇಳ್ಲಿಲ್ಲ. ಹಿಡಿದೋನ ಕೈಯನ್ನೇ ಕುಯ್ಯುತ್ತೆ, ತಪ್ಪು ಸಾಮಾನು ಅಂತ ಬರಿ ಅಂದ್ರು. ಬರೆದೆ. ಅವರು ತೆಗೆದೇ ಬಿಟ್ರು.”

ಮುರುಗೇಂದ್ರಪ್ಪ ವಲಿಸಾಬನನ್ನು ದಿಟ್ಟಿಸಿದರು. ಇದ್ದೊಂದು ಸಾಕ್ಷಿಯನ್ನು ತಾನೇ ಅಳಿಸಿಕೊಂಡವನನ್ನು ಅವರು ಈವರೆಗೆ ಕಂಡಿರಲಿಲ್ಲ. ಸುಳ್ಳು ಹೇಳುವವನಾದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದ.

“ನಿಂಗೆ ತಲೆ ನೆಟ್ಟಗೈತೇನೋ ವಲಿಸಾಬ? ಅದು ಆಟ ಕಣಯ್ಯಾ! ಆಟದಾಗೆ ಯಾರ ಕೈ ಕುಯ್ದುಹೋಗುತ್ತೆ?”

ಅಂದ ಮೇಲೆ ತಾವು ಏನಂದೆವೆಂಬುದು ಅವರಿಗೇ ಕೇಳಿಸಿತು. ಶಹನವಾಜ್ ತಲೆಯೆತ್ತಿ ನೋಡಿದ. ವಲಿಸಾಬ ನಗಲಿಲ್ಲ.

“ಹಂಗಾರೆ ಆಟದ್ದೇ ಅಂತ ಒಪ್ತೀರಾ, ಸಾವ್ಕಾರ್ರೆ?”

ಮುರುಗೇಂದ್ರಪ್ಪ ಎದ್ದು ಪಂಚೆ ಸರಿಪಡಿಸಿಕೊಂಡರು. ಬಾಗಿಲವರೆಗೆ ಹೋಗಿ ನಿಂತರು.

“ನಾನು ಒಪ್ಪಿದ್ರೆ ಆಯ್ತೇನಯ್ಯಾ? ಮಂಡಿಯಾಗೆ ಎಲ್ರ ಮುಂದೇನೇ ಅಂದುಬಿಟ್ಟೀನಿ, ವಲಿಸಾಬ ಮಚ್ಚು ಮಾಡಿ ಇಟ್ಟವ್ನೆ ಅಂತ. ಪರಶುರಾಂಪುರದವರೆಗೂ ಹೋಗೈತೆ ಆ ಮಾತು. ಈಗ ನಾನೇ ಹೋಗಿ ಅಲ್ಲ ಅಂತ ಹೆಂಗೆ ಹೇಳ್ಲಿ? ನನ್ನ ಮರ್ಯಾದೆ?”

ವಲಿಸಾಬ ಬಗ್ಗಿ ಅಲಗುಗಳನ್ನು ಗೋಣಿಚೀಲದಲ್ಲಿ ಸುತ್ತತೊಡಗಿದ.

“ಹೈದರಾಬಾದಿನೋರು ನಮ್ಮ ಮುಖಾನೂ ನೋಡಿರಲಿಲ್ಲ, ಸಾವ್ಕಾರ್ರೆ. ಒಂದೇ ಒಂದು ಕಾಗದಕ್ಕೆ ಆ ತಪ್ಪು ಸಾಮಾನು ತೆಗೆದ್ರು.”