ಮೊಸಳೆ ಕೈ

ಕೋಚ್ ಪರದೆಯ ಮೇಲೆ ಓಡುತ್ತಿದ್ದ ಅಮೆರಿಕನ್ ಫುಟ್‌ಬಾಲ್ ಪಂದ್ಯದ ವಿಡಿಯೊವನ್ನು ಅಲ್ಲಿಗೇ ನಿಲ್ಲಿಸಿದರು. ಚೆಂಡು ಡೆಲ್ರಾಯ್‌ನ ಎದೆಯಿಂದ ಮೊಳ ದೂರದಲ್ಲಿತ್ತು. ಅವನ ಮೊಣಕೈಗಳು ಮಾತ್ರ ಪಕ್ಕೆಗೆ ಅಂಟಿಕೊಂಡಿದ್ದವು, ಕಣ್ಣು ಎದುರಿನಿಂದ ನುಗ್ಗಿ ಬರುತ್ತಿದ್ದ ದಢೂತಿ ಎದುರಾಳಿಯ ಮೇಲಿತ್ತು. ನಿನ್ನೆ ಪಂದ್ಯ ಸೋತದ್ದು ಆ ಚೆಂಡು ಬಿಟ್ಟದ್ದರಿಂದಲೇ.

"ಮೊಸಳೆ ಕೈ ನೋಡ್ರೋ, ಎಷ್ಟು ಗಿಡ್ಡ!" ಹಿಂದಿನಿಂದ ಯಾರೋ ಕೂಗಿದರು. ಎದುರಾಳಿಯ ಡಿಕ್ಕಿಗೆ ಹೆದರಿ, ಚೆಂಡಿಗೆ ಚಾಚದೆ ಕೈ ಎಳೆದುಕೊಂಡ ಆಟಗಾರನಿಗೆ ಒಹಾಯೊದ ಆ ತಂಡದಲ್ಲಿ ಜಾಗವಿರಲಿಲ್ಲ. ಇಷ್ಟು ವರ್ಷ ಇದೇ ಮಾತು ಹೇಳಿ ಹೊಸಬರನ್ನು ಆಡಿಕೊಂಡವನು ಡೆಲ್ರಾಯ್‌ನೇ.

"ಅವನ್ದೇನಿಲ್ಲ ಕೋಚ್. ನಾನು ಎಸೆದಿದ್ದೇ ತಡ ಆಯ್ತು," ಎಂದ ಪಕ್ಕದಲ್ಲಿದ್ದ ವೆಸ್ಲಿ. ಆ ಚೆಂಡನ್ನು ಸರಿಯಾದ ಹೊತ್ತಿಗೆ ಎಸೆಯಲೆಂದೇ ಅವನು ಎದುರಾಳಿಗಳು ಮೈಮೇಲೆ ಬರುತ್ತಿದ್ದರೂ ಕದಲದೆ ನಿಂತು ಪಕ್ಕೆಲುಬು ಮುರಿಸಿಕೊಂಡಿದ್ದ. ಬ್ಯಾಂಡೇಜ್ ಬಿಗಿದ ಎದೆಯಲ್ಲಿ ಉಸಿರೆಳೆದಾಗ ಮುಖ ಕಿವುಚಿದ.

"ಹೌದೇನಯ್ಯಾ ಡೆಲ್ರಾಯ್?" ಎಂದರು ಕೋಚ್.

ಡೆಲ್ರಾಯ್ ಪರದೆಯತ್ತ ನೋಡಲಿಲ್ಲ. "ಹೌದು ಕೋಚ್, ಸ್ವಲ್ಪ ತಡ ಆಯ್ತು."

ನಗುತ್ತಿದ್ದವರೆಲ್ಲ ವೆಸ್ಲಿಯ ಬ್ಯಾಂಡೇಜಿನತ್ತ ತಿರುಗಿದರು. ವೆಸ್ಲಿ ನೋವಿನಲ್ಲೇ ಹೊರಳಿ, ಹೋಗ್ಲಿ ಬಿಡು ಎನ್ನುವಂತೆ ಅವನತ್ತ ಕೈ ಚಾಚಿದ. ಡೆಲ್ರಾಯ್‌ನ ಮೊಣಕೈ ಪಕ್ಕೆ ಬಿಟ್ಟು ಏಳಲಿಲ್ಲ.