ಹಾಜರಿ ತಪ್ಪಿಸದವರು

ಆ ತರಗತಿಯಲ್ಲಿ ಕಿವುಡ ವಿದ್ಯಾರ್ಥಿ ಇಲ್ಲವೇ ಇಲ್ಲ ಎಂಬುದು ನೊಯೆಲೀನ್ ಕ್ರೌಚ್ ಅವರಿಗೆ ಬೆಳಗಿನ ಕಾಫಿ ಆರುವ ಮೊದಲೇ ಖಚಿತವಾಯಿತು.

ಡೆಸ್ಮಂಡ್ ಟ್ರಾಂಟರ್ ಆನ್‌ಲೈನ್‌ನಲ್ಲಿ ಮಣ್ಣು ವಿಜ್ಞಾನ ಕಲಿಸುತ್ತಿದ್ದರು. ಅವರ ತರಗತಿಗೆ ವಿಶ್ವವಿದ್ಯಾಲಯ ಎರಡು ವರ್ಷಗಳಿಂದ ಸಬ್‌ಟೈಟಲ್ ಒದಗಿಸುತ್ತಿತ್ತು. ಯಂತ್ರದ್ದಲ್ಲ. ಯಾರು ಬಾಯಿ ತೆರೆದರೂ ದೂರದ ಬ್ಯಾಲರಟ್ ಊರಿನಲ್ಲಿ ಕುಳಿತ ಮಹಿಳೆಯೊಬ್ಬರು ಕೇಳಿಸಿಕೊಂಡು ಆಗಲೇ ಟೈಪ್ ಮಾಡುತ್ತಿದ್ದರು. ಮಾತು ಪರದೆಯ ಕೆಳಗಿನ ಪಟ್ಟಿಯಲ್ಲಿ ಮೂಡುತ್ತಿತ್ತು. ಇದು ಯಾರಿಗಾಗಿ ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಖಾಸಗಿತನಕ್ಕೆ ಧಕ್ಕೆ. ಆದರೆ ಆ ಹೆಸರಿಲ್ಲದ ಕಿವುಡರನ್ನು ಮುಂದಿಟ್ಟುಕೊಂಡು ಪೋರ್ಟ್ ಹ್ಯಾಲರನ್ ವಿಶ್ವವಿದ್ಯಾಲಯ ‘ಎಲ್ಲರನ್ನೂ ಒಳಗೊಂಡ ಕಲಿಕೆ’ಯ ಪ್ರಶಸ್ತಿ ಗೆದ್ದಿತ್ತು. ಫಲಕ ಮೂರನೇ ಮಹಡಿಯಲ್ಲಿದೆ. ಲಿಫ್ಟ್ ಕೆಟ್ಟಿದೆ.

ನೊಯೆಲೀನ್ ಅಲ್ಲಿನ ನಿಯಮಪಾಲನಾ ಅಧಿಕಾರಿ. ಕಳೆದ ವರ್ಷ ಕಣ್ಣು ಮಂಜಾಗುತ್ತಿದ್ದ ಬೋಧಕಿಯೊಬ್ಬರ ‘ಕಾರ್ಯಕ್ಷಮತೆ ಪರಿಶೀಲನೆ’ ನಡೆಸಿ, ಕೇಕ್ ಕತ್ತರಿಸಿ, ಮನೆಗೆ ಕಳುಹಿಸಿದ್ದರು. ಕೇಕ್ ಮೇಲೆ ಬಹಳ ಸಣ್ಣ ಅಕ್ಷರದಲ್ಲಿ ಧನ್ಯವಾದ ಬರೆದಿತ್ತು.

ಟ್ರಾಂಟರ್ ತಮ್ಮ ಕೋಣೆಯಲ್ಲಿ ನೊಯೆಲೀನ್ ಅವರನ್ನು ಕಿಟಕಿಗೆ ಎದುರಾಗಿ ಕೂರಿಸಿದರು. ಬೆಳಕು ನೇರ ಮುಖಕ್ಕೆ. ವಿಚಾರಣೆಗೆ ಬಂದವರನ್ನೇ ವಿಚಾರಣೆಗೆ ಕೂರಿಸುವ ತಂತ್ರ ಎಂದುಕೊಂಡರು ನೊಯೆಲೀನ್. ಟ್ರಾಂಟರ್ ಲ್ಯಾಮಿಂಗ್ಟನ್ ಕೇಕ್ ಕೊಟ್ಟರು.

“ನಿಮ್ಮ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿದೆ, ಡೆಸ್. ಒಬ್ಬೊಬ್ಬರ ಕಿವೀನೂ ನಾಯಿ ಕಿವಿ ಥರ ಚುರುಕಾಗಿದೆ. ತರಗತಿಯಲ್ಲಿ ಒಬ್ಬರಿಗೆ ಕಿವಿ ಕೇಳ್ಸಲ್ಲ ಅಂತ ಹೇಳಿದ್ದು ನೀವೇ ತಾನೆ?”

“ನಾನೇ. ಅದ್ರಲ್ಲಿ ಒಂದಕ್ಷರ ಸುಳ್ಳಿಲ್ಲ.”

“ಬರ್ತಾರಾ ತರಗತಿಗೆ, ಆ ಮಹಾಶಯರು?”

“ಒಂದು ದಿನಾನೂ ತಪ್ಪಿಸಿಲ್ಲ. ಜ್ವರ ಇದ್ದಾಗ್ಲೂ ಬಂದಿದ್ದಾರೆ.”

“ಸಬ್‌ಟೈಟಲ್ ನಿಲ್ಲಿಸಿದ್ರೆ?”

“ಪಾಠ ನಿಲ್ಲುತ್ತೆ.”

“ದೆವ್ವಕ್ಕೆ ಪಾಠ ಹೇಳೋರು ಇಡೀ ಕ್ವೀನ್ಸ್‌ಲ್ಯಾಂಡಲ್ಲಿ ನೀವೊಬ್ರೇ ಇರ್ಬೇಕು. ಹೆಸರು ಹೇಳಿ. ಇಲ್ದಿದ್ರೆ ಇದು ವಂಚನೆ. ಕೆಲಸ ಹೋಗುತ್ತೆ.”

“ಹೇಳಿದ್ರೆ ಉಳಿಯುತ್ತಾ?”

ಉದ್ಧಟತನ ಎಂದುಕೊಂಡರು ನೊಯೆಲೀನ್. ಟ್ರಾಂಟರ್, ನೊಯೆಲೀನ್ ಅವರ ತುಟಿಯನ್ನೇ ದಿಟ್ಟಿಸುತ್ತಿದ್ದರು. ಲ್ಯಾಮಿಂಗ್ಟನ್‌ನ ತೆಂಗಿನ ತುರಿ ಅಂಟಿರಬೇಕೆಂದು ನೊಯೆಲೀನ್ ಎರಡು ಸಲ ಬಾಯಿ ಒರೆಸಿಕೊಂಡು ಎದ್ದರು.

ಬಾಗಿಲ ಬಳಿ, ಬೆನ್ನು ತಿರುಗಿಸಿಕೊಂಡೇ, ಕೊನೆಯ ಅವಕಾಶ ಕೊಟ್ಟರು. “ಈಗ್ಲೇ ಒಪ್ಪಿಕೊಳ್ಳಿ ಡೆಸ್, ಗಲಾಟೆ ಇಲ್ದೆ ಮುಗಿಸ್ತೀನಿ.”

ಟ್ರಾಂಟರ್ ಮೇಜಿನ ಮೇಲಿನ ಕೇಕಿನ ಚೂರು ಒರೆಸಿದರು. ತಟ್ಟೆ ಎತ್ತಿಟ್ಟರು. ತಪ್ಪಿತಸ್ಥರ ಮೌನ ನೊಯೆಲೀನ್ ಅವರಿಗೆ ಹಳೆಯ ಪರಿಚಯ.

ಸೋಮವಾರ ಯಾರಿಗೂ ತಿಳಿಸದೆ ಸಬ್‌ಟೈಟಲ್ ನಿಲ್ಲಿಸಿದರು. ಕಿವುಡರಿದ್ದರೆ ದೂರು ಬರಲೇಬೇಕು. ತಾವೂ ಸದ್ದಿಲ್ಲದೆ ತರಗತಿಗೆ ಸೇರಿಕೊಂಡರು.

ಟ್ರಾಂಟರ್ ಸ್ಲೈಡಿನ ಮೇಲೆ ಕಣ್ಣಿಟ್ಟು ಪಾಠ ಮಾಡಿದರು. ಅಚ್ಚುಕಟ್ಟಾದ ಪಾಠ. ವಿದ್ಯಾರ್ಥಿಗಳಲ್ಲಿ ಒಬ್ಬರೂ ಗೊಣಗಲಿಲ್ಲ. ಪಟ್ಟಿ ಖಾಲಿಯಿದ್ದರೂ ಯಾರಿಗೂ ಏನೂ ಕೊರತೆಯಾಗಲಿಲ್ಲ. ನೊಯೆಲೀನ್ ನಗುತ್ತ ವರದಿ ಶುರುಮಾಡಿದರು: ‘ಈ ತರಗತಿಯಲ್ಲಿ ಕಿವುಡರು ಯಾರೂ ಇಲ್ಲ.’

“ಪ್ರಶ್ನೆ ಇದ್ರೆ ಕೇಳಿ,” ಎಂದರು ಟ್ರಾಂಟರ್.

ಮೌಂಟ್ ಐಸಾದ ಕಿರಾ ಎಂಬ ಹುಡುಗಿ ಕ್ಯಾಮೆರಾ ಹಾಕದೆ ಮೈಕ್ ತೆರೆದಳು. “ಡೆಸ್, ನೀರು ಹಾಯಿಸಿದ ಮೇಲೆ ಮಣ್ಣಲ್ಲಿ ಉಪ್ಪು ಮೇಲಕ್ಕೆ ಬರೋದು ಯಾಕೆ?”

ಕಿರಾ ದನಿ ಏರಿಸಿದಳು.

“ಡೆಸ್? ನನ್ನ ಮಾತು ಕೇಳಿಸ್ತಿದ್ಯಾ?”

“ನಮಗೆಲ್ಲ ಚೆನ್ನಾಗೇ ಕೇಳಿಸ್ತಿದೆ ಮಾರಾಯ್ತಿ, ಕಿರುಚಬೇಡ,” ಎಂದ ಇನ್ನೊಬ್ಬ.

ಟ್ರಾಂಟರ್ ಮುಗುಳ್ನಗುತ್ತ, ಪರದೆಯ ಕೆಳಗಿನ ಖಾಲಿ ಪಟ್ಟಿಯಲ್ಲಿ ಆ ಪ್ರಶ್ನೆ ಮೂಡುವುದನ್ನೇ ಕಾಯುತ್ತ ಕುಳಿತಿದ್ದರು.